ಶರೀರಕ್ರಿಯಾಶಾಸ್ತ್ರದ ವ್ಯಾಸಂಗ



ದಾದರ ನಿಲ್ದಾಣದ ಮೆಟ್ಟಿಲುಗಳನ್ನು ಓಡುತ್ತ ಹತ್ತಿ, ಹೊರಡಲು ಅನುವಾಗಿದ್ದ ಲೋಕಲ್ ಗಾಡಿಯನ್ನು ಹಿಡಿದವನ ಅವಸ್ಥೆಯನ್ನು ನೀವೆಲ್ಲರೂ ಬಲ್ಲಿರಿ. ಎದೆ ಡವಡವನೆ ಹೊಡೆದುಕೊಳ್ಳುವುದು, ಏದುಸಿರು ಬರುವುದು, ಮೈ ಬೆವರುವುದು. ಗಾಡಿ ಎರಡು ನಿಲ್ದಾಣಗಳನ್ನು ದಾಟುವಷ್ಟರಲ್ಲಿ ಎಲ್ಲವೂ ತನ್ನಷ್ಟಕ್ಕೆ ಶಾಂತವಾಗುವುದು. ಬೇಗನೆ ಬಡಿಯೆಂದು ಹೃದಯಕ್ಕೆ ಆಜ್ಞಾಪಿಸಿದವರು ಯಾರು? ಇನ್ನು ಸಾಕೆಂದು ತಡೆದವರು ಯಾರು? ಬೆವರಿನಿಂದ ದೇಹಕ್ಕಾಗುವ ಉಪಯೋಗವೇನು? ಇಂತಹ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವ ವಿದ್ಯೆಗೆ ಶರೀರಕ್ರಿಯಾಶಾಸ್ತ್ರವೆಂದು ಹೆಸರು. ಫಿಸಿಯಾಲಜಿ ಎಂಬ ಹೆಸರಿನಿಂದ ಅದನ್ನು ವಿಶ್ವವಿದ್ಯಾಲಯಗಳಲ್ಲಿ ಕಲಿಸುತ್ತಾರೆ. ಹತ್ತನೆಯ ತರಗತಿಯನ್ನು ಮುಗಿಸಿ ಮುಂದೇನು ಓದಬೇಕೆಂದು ಯೋಚಿಸುವ ನಿಮಗೆ ಈ ವಿದ್ಯೆಯ ಸ್ವರೂಪವನ್ನೂ, ಅದನ್ನು ಕಲಿಯುವ ದಾರಿಗಳನ್ನೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಆ ದಾರಿ ತೆರೆದಿದೆಯೆ ಎಂಬುದನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಗಡಿಯಾರವನ್ನು ಬಿಚ್ಚಿ, ಯಾವ ಚಕ್ರ ಎಲ್ಲಿದೆ, ಅದರ ಆಕಾರ ಎಂತಹುದು ಎಂದು ನೋಡುವುದು ಒಂದು ಕೆಲಸ. ಅದು ಓಡುತ್ತಿರುವಾಗ ಯಾವ ಚಕ್ರ ಯಾವುದನ್ನು ತಿರುಗಿಸುತ್ತದೆಂದು ಅರಿಯುವುದು ಇನ್ನೊಂದು ಕೆಲಸ. ದೇಹದ ವಿಷಯದಲ್ಲಿ ಮೊದಲನೆಯದು ಅಂಗರಚನಾಶಾಸ್ತ್ರ, ಎರಡನೆಯದು ಶರೀರಕ್ರಿಯಾಶಾಸ್ತ್ರ. ಮೊದಲನೆಯದನ್ನು ಮೃತದೇಹದಿಂದಲೂ ಕಲಿಯಬಹುದು. ಎರಡನೆಯದಕ್ಕೆ ಜೀವಂತ ದೇಹವೇ ಗುರು. ಆದರೆ ಗಡಿಯಾರದ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಗಡಿಯಾರ ತನ್ನನ್ನು ತಾನು ತಿದ್ದಿಕೊಳ್ಳಲಾರದು. ದೇಹ ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತದೆ. ಹೊರಗೆ ಮೇ ತಿಂಗಳ ಸೆಕೆಯಿರಲಿ, ಜನವರಿಯ ಚಳಿಯಿರಲಿ, ಆರೋಗ್ಯವಂತನ ಮೈಯೊಳಗಿನ ಶಾಖ ಸುಮಾರು ೩೭ ಸೆಲ್ಸಿಯಸ್ ಡಿಗ್ರಿಗಳ ಆಸುಪಾಸಿನಲ್ಲಿಯೇ ಇರುತ್ತದೆ. ಓಡಿದವನ ಸ್ನಾಯುಗಳಲ್ಲಿ ಶಾಖ ಹುಟ್ಟುವುದು. ಬೆವರು ಆರುವಾಗ ಆ ಶಾಖವನ್ನು ಹೊತ್ತೊಯ್ಯುವುದು. ಹೀಗೆ ಹೊರಗಿನದು ಬದಲಾದರೂ ಒಳಗಿನದನ್ನು ಸಮತೋಲನದಲ್ಲಿಡುವ ಉಪಾಯಗಳ ಅಧ್ಯಯನವೇ ಈ ಶಾಸ್ತ್ರದ ತಿರುಳು.

ನಮ್ಮ ನಗರದಲ್ಲಿ ಈ ವಿದ್ಯೆಯ ಪಾಠ ಹಳೆಯದು. ಬೈಕಳಾದ ಗ್ರಾಂಟ್ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದುದು ೧೮೪೫ರಲ್ಲಿ, ಅಂದರೆ ೧೮೫೭ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಹುಟ್ಟುವುದಕ್ಕಿಂತ ೧೨ ವರ್ಷ ಮೊದಲು. ತರುವಾಯ ೧೯೨೧ರಲ್ಲಿ ಇಂದು ಟೋಪಿವಾಲಾ ಹೆಸರಿನ, ನಾಯರ್ ಆಸ್ಪತ್ರೆಗೆ ಸೇರಿದ ನ್ಯಾಷನಲ್ ಮಹಾವಿದ್ಯಾಲಯವೂ, ೧೯೨೬ರಲ್ಲಿ ಪರೇಲಿನ ಕೆ. ಇ. ಎಂ. ಆಸ್ಪತ್ರೆಯೊಂದಿಗೆ ಸೇಠ್ ಜಿ. ಎಸ್. ವೈದ್ಯಕೀಯ ಮಹಾವಿದ್ಯಾಲಯವೂ, ೧೯೬೪ರಲ್ಲಿ ಸಾಯನ್‌ನ ಲೋಕಮಾನ್ಯ ತಿಲಕ ಮಹಾವಿದ್ಯಾಲಯವೂ ಸ್ಥಾಪಿತವಾದವು. ೧೯೯೮ರಲ್ಲಿ ನಾಶಿಕದಲ್ಲಿ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಇಂತಹ ಮಹಾವಿದ್ಯಾಲಯಗಳು ಅದರ ಆಡಳಿತಕ್ಕೆ ಸೇರಿದವು. ಊರಿನ ನಂಟು ಉಳಿಸಿಕೊಂಡವರಿಗೆ ಕರ್ನಾಟಕದ ಹೆಸರುಗಳೂ ಪರಿಚಿತವಾಗಿರಬಹುದು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಬಂದ ಮೈಸೂರು ವೈದ್ಯಕೀಯ ಮಹಾವಿದ್ಯಾಲಯ, ೧೯೫೩ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರ್ಬಾ ಮಹಾವಿದ್ಯಾಲಯ, ೧೯೫೭ರ ಹುಬ್ಬಳ್ಳಿಯ ಮಹಾವಿದ್ಯಾಲಯ, ಇವು ಅಂತಹವು.

ಪದವಿಯ ಮಟ್ಟದ ವ್ಯಾಸಂಗವನ್ನು ನೋಡೋಣ. ವೈದ್ಯಕೀಯದ ಎಂ. ಬಿ. ಬಿ. ಎಸ್. ಪದವಿಗೆ ನಾಲ್ಕೂವರೆ ವರ್ಷಗಳ ಓದು ಮತ್ತು ಒಂದು ವರ್ಷದ ಆಸ್ಪತ್ರೆಯ ಸೇವಾಭ್ಯಾಸ ಉಂಟು. ಅದರ ಮೊದಲ ವರ್ಷದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಎಂಬ ಮೂರು ಮುಖ್ಯ ವಿಷಯಗಳಿವೆ. ರೋಗವನ್ನು ಅರಿಯುವ ಮೊದಲು ಆರೋಗ್ಯವನ್ನು ಅರಿಯಬೇಕೆಂಬುದು ಈ ಕ್ರಮದ ತಾತ್ಪರ್ಯ. ಜೀವಕೋಶದಿಂದ ಮೊದಲಾಗಿ ರಕ್ತ, ನರ ಮತ್ತು ಸ್ನಾಯು, ಹೃದಯ ಮತ್ತು ರಕ್ತಪರಿಚಲನೆ, ಉಸಿರಾಟ, ಜೀರ್ಣಕ್ರಿಯೆ, ಮೂತ್ರಪಿಂಡ, ನಿರ್ನಾಳ ಗ್ರಂಥಿಗಳು, ಸಂತಾನೋತ್ಪತ್ತಿ, ಮೆದುಳು, ಕಣ್ಣು ಕಿವಿ ಮೊದಲಾದ ಇಂದ್ರಿಯಗಳು, ಹೀಗೆ ಒಂದೊಂದೇ ವಿಭಾಗವಾಗಿ ಪಾಠ ಸಾಗುವುದು.

ಪಾಠದ ರೀತಿಯನ್ನು ತಿಳಿಯಲು ಒಂದು ಲೆಕ್ಕವನ್ನು ಮಾಡಿರಿ. ಸುಮ್ಮನೆ ಕುಳಿತವನ ಹೃದಯ ನಿಮಿಷಕ್ಕೆ ಸುಮಾರು ೭೨ ಬಾರಿ ಬಡಿಯುವುದು. ಒಂದು ಬಡಿತಕ್ಕೆ ಸುಮಾರು ೭೦ ಮಿಲಿಲೀಟರ್ ರಕ್ತವನ್ನು ಹೊರಕ್ಕೆ ತಳ್ಳುವುದು. ಗುಣಿಸಿದರೆ ನಿಮಿಷಕ್ಕೆ ಐದು ಲೀಟರ್, ಗಂಟೆಗೆ ೩೦೦ ಲೀಟರ್, ದಿನಕ್ಕೆ ಏಳು ಸಾವಿರ ಲೀಟರಿಗೂ ಮೇಲೆ! ದೇಹದಲ್ಲಿರುವ ಒಟ್ಟು ರಕ್ತವಾದರೋ ಸುಮಾರು ಐದು ಲೀಟರ್ ಮಾತ್ರ. ಅಷ್ಟೊಂದು ರಕ್ತವನ್ನು ದೇಹ ನಿಮಿಷನಿಮಿಷಕ್ಕೂ ಹೊಸದಾಗಿ ತಯಾರಿಸಲು ಸಾಧ್ಯವಿಲ್ಲ. ಆದಕಾರಣ ಅದೇ ರಕ್ತ ಸುತ್ತಿಬಂದು ಮತ್ತೆ ಹೃದಯವನ್ನು ಸೇರುತ್ತಿರಲೇಬೇಕು. ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯನು ೧೬೨೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಲೆಕ್ಕದ ಬಲದಿಂದಲೇ ರಕ್ತಪರಿಚಲನೆಯನ್ನು ಸಾಧಿಸಿ ತೋರಿಸಿದನು. ಗುಣಾಕಾರವನ್ನು ಬಲ್ಲ ನಿಮ್ಮಲ್ಲಿ ಯಾರೂ ಈ ವಾದವನ್ನು ಅರಿಯಲಾರೆನೆಂದು ಹೇಳುವಂತಿಲ್ಲ.

ಇನ್ನೊಂದು ಲೆಕ್ಕವು ನಮ್ಮ ಮನೆಗಳಿಗೆ ಹತ್ತಿರದ್ದು. ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹಿಮೋಗ್ಲೋಬಿನ್ ಎಂಬ ವಸ್ತುವೇ ಆಮ್ಲಜನಕವನ್ನು ಹೊರುವ ಕೂಲಿ. ಅದರ ಒಂದು ಗ್ರಾಂ ಸುಮಾರು ೧.೩೪ ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. ನೂರು ಮಿಲಿಲೀಟರ್ ರಕ್ತದಲ್ಲಿ ೧೫ ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಅದು ೨೦ ಮಿಲಿಲೀಟರ್ ಆಮ್ಲಜನಕವನ್ನು ಒಯ್ಯುವುದು. ಏಳೂವರೆ ಗ್ರಾಂ ಮಾತ್ರ ಇದ್ದರೆ ಹತ್ತು ಮಿಲಿಲೀಟರ್ ಮಾತ್ರ. ಕೊರತೆಯನ್ನು ತುಂಬಲು ಹೃದಯ ಹೆಚ್ಚು ಸಲ ಬಡಿಯಬೇಕಾಗುವುದು. ರಕ್ತಹೀನತೆಯುಳ್ಳ ಹುಡುಗಿ ಚಾಳಿನ ಎರಡು ಮಾಳಿಗೆಗಳನ್ನು ಹತ್ತುವಷ್ಟರಲ್ಲಿ ಸುಸ್ತಾಗುವುದು ಸೋಮಾರಿತನದಿಂದಲ್ಲ; ಅವಳ ರಕ್ತದಲ್ಲಿ ಕೂಲಿಗಳು ಸಾಲದಾಗಿದ್ದಾರೆ. ಕಬ್ಬಿಣದ ಅಂಶವಿಲ್ಲದೆ ಹಿಮೋಗ್ಲೋಬಿನ್ ತಯಾರಾಗದು. ಹೀಗೆ ತಿಳಿದವನು ಅವಳನ್ನು ಗದರಿಸುವುದಿಲ್ಲ, ರಕ್ತಪರೀಕ್ಷೆಗೆ ಕರೆದೊಯ್ಯುತ್ತಾನೆ. ಶಾಸ್ತ್ರಜ್ಞಾನವು ಕರುಣೆಗೆ ದಾರಿ ತೋರಿಸುವುದು ಹೀಗೆ.

ಪ್ರಯೋಗಶಾಲೆಯ ಕೆಲಸವೂ ಈ ವ್ಯಾಸಂಗದ ದೊಡ್ಡ ಭಾಗ. ವಿದ್ಯಾರ್ಥಿಗಳು ತಮ್ಮ ಬೆರಳನ್ನೇ ಚುಚ್ಚಿ ತೆಗೆದ ಹನಿಯಲ್ಲಿ ಹಿಮೋಗ್ಲೋಬಿನ್ನನ್ನು ಅಳೆಯುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ರಕ್ತಕಣಗಳನ್ನು ಎಣಿಸುತ್ತಾರೆ. ಪರಸ್ಪರರ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ನೋಡುತ್ತಾರೆ. ಹೃದಯದ ವಿದ್ಯುತ್ ರೇಖೆಯನ್ನು ಬರೆಯಿಸಿ ಓದುತ್ತಾರೆ. ಹಿಂದೆ ಕಪ್ಪೆಯ ಸ್ನಾಯುವಿನ ಚಲನೆಯನ್ನು ಮಸಿ ಬಳಿದು ತಿರುಗಿಸುವ ಉರುಳೆಯ ಮೇಲೆ ಗೆರೆಯಾಗಿ ಬರೆಯಿಸುತ್ತಿದ್ದರು. ಈ ಉರುಳೆಯ ಯಂತ್ರವನ್ನು ಜರ್ಮನಿಯ ಕಾರ್ಲ್ ಲುಡ್ವಿಗ್ ೧೮೪೭ರಲ್ಲಿ ಬಳಕೆಗೆ ತಂದನು. ಇಂದು ಆ ಪ್ರಯೋಗಗಳ ಗೆರೆಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿ ಕಲಿಸುತ್ತಾರೆ. ಕಪ್ಪೆಗಳ ಪ್ರಾಣ ಉಳಿದಿದೆ.

ಈ ಶಾಸ್ತ್ರ ಡಾಕ್ಟರಾಗುವವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು. ದಂತವೈದ್ಯಕೀಯ, ದಾದಿಯರ ಶಿಕ್ಷಣ, ಭೌತಚಿಕಿತ್ಸೆ ಇವುಗಳ ಪದವಿಗಳಲ್ಲಿಯೂ ಮೊದಲ ವರ್ಷವೇ ಶರೀರಕ್ರಿಯಾಶಾಸ್ತ್ರದ ಪಾಠವಿದೆ. ಔಷಧ ವಿಜ್ಞಾನದ ಬಿ. ಫಾರ್ಮ್ ಪದವಿಯ ಮೊದಲ ಎರಡು ಅರ್ಧವರ್ಷಗಳಲ್ಲಿ ಮಾನವ ಅಂಗರಚನೆ ಮತ್ತು ಕ್ರಿಯೆಗಳು ಪಠ್ಯವಾಗಿವೆ. ಆಯುರ್ವೇದದ ಪದವಿಯಲ್ಲಿ ಕ್ರಿಯಾಶಾರೀರವೆಂಬ ಹೆಸರಿನಲ್ಲಿ ಇದೇ ವಿಷಯವನ್ನು ಪ್ರಾಚೀನ ಮತ್ತು ಆಧುನಿಕ ದೃಷ್ಟಿಗಳಿಂದ ಕಲಿಸುತ್ತಾರೆ. ಪ್ರಾಣಿಶಾಸ್ತ್ರದಲ್ಲಿ ಬಿ. ಎಸ್ಸಿ. ಓದುವವರಿಗೂ ಇದರ ಪರಿಚಯವಾಗುವುದು. ಎಂ. ಬಿ. ಬಿ. ಎಸ್. ಸ್ಥಾನ ಸಿಗದವನಿಗೆ ವಿದ್ಯೆಯ ಬಾಗಿಲೇ ಮುಚ್ಚಿತೆಂದು ಕಣ್ಣೀರಿಡುವ ತಾಯಿತಂದೆಗಳನ್ನು ನಾನು ಕಂಡಿದ್ದೇನೆ. ಮನೆಗೆ ಹಲವು ಬಾಗಿಲುಗಳಿವೆಯೆಂಬುದನ್ನು ಅವರಿಗೆ ನೀವೇ ತಿಳಿಸಬೇಕು.

ಇನ್ನು ಸ್ನಾತಕೋತ್ತರ ವ್ಯಾಸಂಗ. ಎಂ. ಬಿ. ಬಿ. ಎಸ್. ಮುಗಿಸಿದವರು ಮೂರು ವರ್ಷ ಓದಿ ಶರೀರಕ್ರಿಯಾಶಾಸ್ತ್ರದಲ್ಲಿಯೇ ಎಂ. ಡಿ. ಪದವಿಯನ್ನು ಪಡೆಯಬಹುದು. ಕೆಲವು ಮಹಾವಿದ್ಯಾಲಯಗಳಲ್ಲಿ ವಿಜ್ಞಾನದ ಪದವೀಧರರಿಗೂ ಇದರಲ್ಲಿ ಎಂ. ಎಸ್ಸಿ. ಓದುವ ಅವಕಾಶವಿದೆ, ಮುಂದೆ ಪಿಎಚ್. ಡಿ. ಸಂಶೋಧನೆಯುಂಟು. ಎಂ. ಡಿ. ವಿದ್ಯಾರ್ಥಿಯು ಕಿರಿಯರಿಗೆ ಪಾಠ ಹೇಳಬೇಕು, ತಾನೇ ಒಂದು ಪ್ರಶ್ನೆಯನ್ನು ಆರಿಸಿ ಪರೀಕ್ಷೆಗಳನ್ನು ನಡೆಸಿ ಪ್ರಬಂಧವನ್ನು ಬರೆಯಬೇಕು. ಪದವಿಯ ವಿದ್ಯಾರ್ಥಿ ನಿಯಮವನ್ನು ಕಲಿಯುತ್ತಾನೆ. ಸ್ನಾತಕೋತ್ತರ ವಿದ್ಯಾರ್ಥಿ ಆ ನಿಯಮ ಎಲ್ಲಿ ತಪ್ಪುತ್ತದೆಂದು ಕೇಳಲು ಕಲಿಯುತ್ತಾನೆ. ಇವೆರಡರ ಅಂತರವನ್ನು ತೋರಿಸಲು ನಮ್ಮ ನಗರದ್ದೇ ಒಂದು ಉದಾಹರಣೆಯಿದೆ.

ಮನುಷ್ಯರ ರಕ್ತವನ್ನು ಎ, ಬಿ, ಎಬಿ, ಓ ಎಂಬ ಗುಂಪುಗಳಾಗಿ ವಿಂಗಡಿಸುವುದನ್ನು ನೀವು ಕೇಳಿರುವಿರಿ. ಇದಕ್ಕೆ ಅಡಿಪಾಯ ಹಾಕಿದವನು ಆಸ್ಟ್ರಿಯಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ೧೯೩೦ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಓ ಗುಂಪಿನ ಕಣಗಳಲ್ಲಿ ಎ ಗುರುತೂ ಇಲ್ಲ, ಬಿ ಗುರುತೂ ಇಲ್ಲ. ಆದಕಾರಣ ಇತರ ಗುಂಪಿನವರ ರಕ್ತವು ಅವುಗಳನ್ನು ವಿರೋಧಿಸುವುದಿಲ್ಲ ಎಂಬುದು ಪಾಠದ ನಿಯಮ. ಆದರೆ ಮುಂಬಯಿಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಅವರ ಸಹೋದ್ಯೋಗಿಗಳಿಗೆ, ಎ ಗುರುತೂ ಬಿ ಗುರುತೂ ಇಲ್ಲದಿದ್ದರೂ ಓ ರಕ್ತವನ್ನು ಸಹ ಒಪ್ಪದ ರಕ್ತವುಳ್ಳ ವ್ಯಕ್ತಿಗಳು ಕಂಡುಬಂದರು. ಅವರು ಇದನ್ನು ಪರೀಕ್ಷೆಯ ದೋಷವೆಂದು ಬದಿಗಿಡಲಿಲ್ಲ. ಇಂಗ್ಲೆಂಡಿನ ತಜ್ಞರೊಡನೆ ಸೇರಿ ಶೋಧಿಸಿ, ೧೯೫೨ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತು ಅದನ್ನು ಬಾಂಬೇ ರಕ್ತಗುಂಪೆಂದು ಕರೆಯಿತು. ನಗರದ ಹೆಸರು ೧೯೯೫ರಲ್ಲಿ ಅಧಿಕೃತವಾಗಿ ಬದಲಾದರೂ ರಕ್ತದ ಹೆಸರು ಹಾಗೆಯೇ ಉಳಿದಿದೆ.

ಇದರ ಮರ್ಮವೇನು? ಗೋಡೆಯಿದ್ದರಲ್ಲವೆ ಚಿತ್ರ ಬರೆಯುವುದು? ರಕ್ತಕಣದ ಮೇಲೆ ಎಚ್ ಎಂಬ ಮೂಲವಸ್ತುವೊಂದಿದೆ, ಅದೇ ಗೋಡೆ. ಅದಕ್ಕೆ ಒಂದು ಬಗೆಯ ಸಕ್ಕರೆಯ ಅಣು ಸೇರಿದರೆ ಎ ಗುರುತು, ಬೇರೊಂದು ಬಗೆಯದು ಸೇರಿದರೆ ಬಿ ಗುರುತು, ಯಾವುದೂ ಸೇರದೆ ಬರಿಯ ಗೋಡೆ ಉಳಿದರೆ ಓ. ಬಾಂಬೇ ಗುಂಪಿನವರಲ್ಲಿ ಗೋಡೆಯೇ ಇಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಎ, ಬಿ ಗುರುತುಗಳು ಕಾಣದಿರುವುದರಿಂದ ಅವರು ಓ ಗುಂಪಿನವರಂತೆ ತೋರುತ್ತಾರೆ. ಆದರೆ ಅವರ ರಕ್ತರಸವು ಎಚ್ ವಸ್ತುವನ್ನು ಪರಕೀಯವೆಂದು ಭಾವಿಸಿ ಎದುರಿಸುತ್ತದೆ. ಅಂತಹವರಿಗೆ ಓ ರಕ್ತವನ್ನು ಕೊಟ್ಟರೆ ಪ್ರಾಣಕ್ಕೇ ಅಪಾಯ. ಬಾಂಬೇ ಗುಂಪಿನ ದಾನಿಯೇ ಬೇಕು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು ಈ ಗುಂಪಿನವರೆಂದು ಎಣಿಕೆ. ರೋಗಿಯ ರಕ್ತರಸವನ್ನು ಓ ಕಣಗಳೊಡನೆ ಕೂಡಿಸಿ ನೋಡಿದರೆ ಗುಟ್ಟು ಹೊರಬೀಳುವುದು. ಒಂದು ಪರೀಕ್ಷೆಯನ್ನು ಹೆಚ್ಚಾಗಿ ಮಾಡುವ ಆ ಎಚ್ಚರದ ಹಿಂದೆ ನಿಯಮವನ್ನು ಪ್ರಶ್ನಿಸಿದವರ ಶ್ರಮವಿದೆ. ೧೯೫೭ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ರಕ್ತಗುಂಪುಗಳ ಅಧ್ಯಯನಕ್ಕೆಂದೇ ಒಂದು ಕೇಂದ್ರವನ್ನು ಈ ನಗರದಲ್ಲಿಯೇ ತೆರೆಯಿತು.

ಭಾರತೀಯರು ಈ ಶಾಸ್ತ್ರಕ್ಕೆ ಸಲ್ಲಿಸಿದ ಕಾಣಿಕೆ ಇದೊಂದೇ ಅಲ್ಲ. ಶ್ವಾಸಕೋಶದಲ್ಲಿರುವ ಒಂದು ಬಗೆಯ ನರಾಗ್ರಗಳನ್ನು ೧೯೫೫ರಲ್ಲಿ ಗುರುತಿಸಿದ ಡಾ. ಅವತಾರ ಸಿಂಗ್ ಪೈಂಟಾಲ್ ಅವರ ಕಾರ್ಯ ಜಗತ್ತಿನ ಪಠ್ಯಪುಸ್ತಕಗಳನ್ನು ಸೇರಿದೆ. ೧೯೫೧ರಲ್ಲಿ ಡಾ. ಬಿ. ಕೆ. ಆನಂದ್ ಅವರು ಅಮೆರಿಕದ ಬ್ರಾಬೆಕ್ ಅವರೊಡನೆ ಮೆದುಳಿನಲ್ಲಿ ಹಸಿವನ್ನು ಆಳುವ ಸ್ಥಾನವನ್ನು ತೋರಿಸಿಕೊಟ್ಟರು. ನಮ್ಮ ಮಹಾವಿದ್ಯಾಲಯಗಳಲ್ಲಿಯೂ ಬಹಳ ಬಳಕೆಯಲ್ಲಿರುವ ಒಂದು ಪಠ್ಯಗ್ರಂಥವನ್ನು ೧೯೫೬ರಲ್ಲಿ ಹೊರತಂದವರು ಅಮೆರಿಕದ ಆರ್ಥರ್ ಗೈಟನ್. ಶಸ್ತ್ರವೈದ್ಯರಾಗಬೇಕೆಂದಿದ್ದ ಅವರು ೧೯೪೬ರಲ್ಲಿ ಪೋಲಿಯೋದಿಂದ ಅಂಗಬಲವನ್ನು ಕಳೆದುಕೊಂಡು ಈ ಶಾಸ್ತ್ರದತ್ತ ತಿರುಗಿದರು. ಒಂದು ದಾರಿ ಮುಚ್ಚಿದ ಮೇಲೆ ಅವರು ಹಿಡಿದ ಇನ್ನೊಂದು ದಾರಿ ಲಕ್ಷಾಂತರ ವಿದ್ಯಾರ್ಥಿಗಳಿಗೆ ಬೆಳಕಾಯಿತು.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಇದೆಲ್ಲವೂ ಇಂಗ್ಲಿಷಿನಲ್ಲಿ ನಡೆಯುವಾಗ ಕನ್ನಡ ಮಾಧ್ಯಮದವರ ಗತಿಯೇನು? ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ ಈ ನಗರಕ್ಕೆ ಬಂದ ನನಗೆ ಆ ಅಳುಕು ಹೊಸದಲ್ಲ. ಕಷ್ಟವಿಲ್ಲವೆಂದು ಹೇಳಿ ನಿಮ್ಮನ್ನು ವಂಚಿಸಲಾರೆ. ವೈದ್ಯಕೀಯ ಪ್ರವೇಶಕ್ಕೆ ನೀಟ್ ಪರೀಕ್ಷೆ ಅಗತ್ಯ. ಅದಕ್ಕೆ ೧೧ ಮತ್ತು ೧೨ನೆಯ ತರಗತಿಗಳಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿರಬೇಕು. ೨೦೧೭ರಿಂದ ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಉಂಟು; ಆದರೆ ಕನ್ನಡವನ್ನು ಆರಿಸಿದವರು ಕರ್ನಾಟಕದ ಕೇಂದ್ರಗಳಲ್ಲಿ ಬರೆಯಬೇಕೆಂಬ ನಿಬಂಧನೆಯಿದೆ. ಮುಂಬಯಿಯಲ್ಲಿಯೇ ಬರೆಯುವವರು ಇಂಗ್ಲಿಷನ್ನೋ ಹಿಂದಿಯನ್ನೋ ಮರಾಠಿಯನ್ನೋ ಆಶ್ರಯಿಸಬೇಕಾಗುತ್ತದೆ. ಇದನ್ನು ಮೊದಲೇ ತಿಳಿದು ಸಿದ್ಧರಾಗುವುದು ಜಾಣತನ. ೨೦೨೨ರಲ್ಲಿ ಮಧ್ಯಪ್ರದೇಶದಲ್ಲಿ ಮೊದಲ ವರ್ಷದ ವೈದ್ಯಕೀಯ ಪಠ್ಯಗಳನ್ನು, ಶರೀರಕ್ರಿಯಾಶಾಸ್ತ್ರವೂ ಸೇರಿ, ಹಿಂದಿಯಲ್ಲಿ ಹೊರತಂದರು. ದೇಶಭಾಷೆಯಲ್ಲಿ ಇದು ಅಸಾಧ್ಯವೆಂಬ ಮಾತಿಗೆ ಅದೊಂದು ಉತ್ತರ.

ಆದರೆ ಪದಗಳ ಭಯವನ್ನು ಮಾತ್ರ ಬಿಡಿರಿ. ಟ್ಯಾಕಿಕಾರ್ಡಿಯ, ಎರಿಥ್ರೋಸೈಟ್, ಹೈಪೋಗ್ಲೈಸೀಮಿಯ ಮೊದಲಾದ ಶಬ್ದಗಳು ಇಂಗ್ಲಿಷಿನಲ್ಲಿ ಹುಟ್ಟಿದವಲ್ಲ. ಗ್ರೀಕ್ ಭಾಷೆಯ ಬೇರುಗಳಿಂದ ಕಟ್ಟಿದವು. ಇಂಗ್ಲಿಷ್ ಶಾಲೆಯ ಹುಡುಗನೂ ಅವನ್ನು ಮೊದಲ ದಿನ ಕೇಳಿದಾಗ ನಿಮ್ಮಂತೆಯೇ ಬೆರಗಾಗುವನು. ಟ್ಯಾಕಿ ಎಂದರೆ ವೇಗ, ಕಾರ್ಡಿಯ ಎಂದರೆ ಹೃದಯ; ಎರಿಥ್ರೋ ಎಂದರೆ ಕೆಂಪು, ಸೈಟ್ ಎಂದರೆ ಕೋಶ; ಹೈಪೋ ಎಂದರೆ ಕಡಿಮೆ, ಹೈಪರ್ ಎಂದರೆ ಅತಿ. ಉಪಸರ್ಗ, ಪ್ರತ್ಯಯ, ಸಮಾಸಗಳನ್ನು ಬಿಡಿಸಿ ಬಲ್ಲ ಕನ್ನಡ ವಿದ್ಯಾರ್ಥಿಗೆ ಈ ವಿದ್ಯೆ ಕೈಗೆಟುಕದುದೇನಲ್ಲ. ಕನ್ನಡದಲ್ಲಿ ವಿಜ್ಞಾನ ಬರೆದವರೂ ಬಹು ಹಿಂದೆಯೇ ನಮಗೆ ದಾರಿ ಮಾಡಿದ್ದಾರೆ. ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲ ಪ್ರಪಂಚವನ್ನೂ ತರುವಾಯ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನೂ ರಚಿಸಿದುದು ಕನ್ನಡಕ್ಕೆ ಆ ಶಕ್ತಿಯಿದೆಯೆಂದು ನಂಬಿದ್ದರಿಂದಲೇ.

ಕನ್ನಡವು ನಿಮ್ಮನ್ನು ಹಿಂದೆ ಹಾಕುವ ಹೊರೆಯೆಂದು ತಿಳಿಯದಿರಲು ಇನ್ನೊಂದು ಕಾರಣವಿದೆ. ನಗರದ ಆಸ್ಪತ್ರೆಗೆ ಬರುವ ವೃದ್ಧೆಯೊಬ್ಬಳು, ಎದ್ದು ನಿಂತರೆ ಕಣ್ಣು ಕತ್ತಲೆ ಕಟ್ಟುತ್ತದೆ, ಎಂದು ಕನ್ನಡದಲ್ಲಿ ಹೇಳಿದರೆ ಅದನ್ನು ಅರಿಯದವನು ಅವಳನ್ನು ನೇತ್ರವೈದ್ಯರ ಬಳಿಗೆ ಕಳುಹಿಸಿಯಾನು. ಕನ್ನಡವನ್ನೂ ಶಾಸ್ತ್ರವನ್ನೂ ಬಲ್ಲವನಾದರೆ, ಎದ್ದು ನಿಂತಾಗ ರಕ್ತವು ಕಾಲುಗಳತ್ತ ಇಳಿದು ಮೆದುಳಿಗೆ ಒಂದು ಕ್ಷಣ ಕಡಿಮೆಯಾಗಿರಬಹುದೆಂದು ಊಹಿಸಿ, ಮಲಗಿದಾಗಲೂ ನಿಂತಾಗಲೂ ರಕ್ತದೊತ್ತಡವನ್ನು ಅಳೆಯುವನು. ೨೦೧೯ರಲ್ಲಿ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮವು ರೋಗಿಯೊಡನೆ ಮಾತನಾಡುವ ಕಲೆಯನ್ನೂ ಭಾಷೆಯ ಪರಿಚಯವನ್ನೂ ಪಾಠದಲ್ಲಿ ಸೇರಿಸಿದುದು ವ್ಯರ್ಥವಾಗಿಯಲ್ಲ. ಕನ್ನಡ, ಮರಾಠಿ, ಹಿಂದಿಗಳನ್ನು ದಿನವೂ ಕೇಳಿ ಬೆಳೆಯುವ ಮುಂಬಯಿಯ ಮಕ್ಕಳಿಗೆ ಈ ಸಂಪತ್ತು ಪುಕ್ಕಟೆಯಾಗಿ ದೊರೆತಿದೆ. ಅನೇಕರಿಗೆ ಮನೆಯಲ್ಲಿ ತುಳುವೂ ಉಂಟು.

ಈ ಶಾಸ್ತ್ರದ ಅಭ್ಯಾಸವನ್ನು ಇಂದೇ ಆರಂಭಿಸಬಹುದು; ಹಣ ಬೇಕಿಲ್ಲ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಕುಳಿತಾಗ ನಾಡಿಯನ್ನು ಒಂದು ನಿಮಿಷ ಎಣಿಸಿರಿ. ಮೆಟ್ಟಿಲು ಹತ್ತಿಳಿದು ಮತ್ತೆ ಎಣಿಸಿರಿ. ಮೊದಲಿನ ಸಂಖ್ಯೆಗೆ ಮರಳಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಿರಿ. ಒಂದು ತಿಂಗಳು ದಿನವೂ ಆಟವಾಡಿದ ಮೇಲೆ ಇದೇ ಪರೀಕ್ಷೆಯನ್ನು ಮಾಡಿ ಹೋಲಿಸಿರಿ. ಜೊತೆಗೆ ಒಂದು ಪದಪುಸ್ತಕವನ್ನಿಟ್ಟುಕೊಂಡು, ಪಾಠದಲ್ಲಿ ಬರುವ ಒಂದೊಂದು ಕನ್ನಡ ಪದದ ಎದುರಿಗೆ ಇಂಗ್ಲಿಷ್ ಪದವನ್ನೂ ಅದರ ಬೇರಿನ ಅರ್ಥವನ್ನೂ ಬರೆಯಿರಿ. ದಿನಕ್ಕೆ ಎರಡಾದರೆ ವರ್ಷಕ್ಕೆ ಏಳುನೂರಕ್ಕೂ ಮೇಲಾಗುವುವು. ಹನ್ನೊಂದನೆಯ ತರಗತಿಯ ಹೊಸ್ತಿಲಲ್ಲಿ ನಿಲ್ಲುವಾಗ ಆ ಪುಸ್ತಕ ನಿಮ್ಮ ಊರುಗೋಲಾಗುವುದು.

ಜ್ಞಾನಕ್ಕೆ ಬೇಕಾದ ಮೊದಲ ಬಂಡವಾಳ ಪ್ರಶ್ನೆ ಕೇಳುವ ಧೈರ್ಯ; ಆ ಪ್ರಶ್ನೆ ಯಾವ ಭಾಷೆಯಲ್ಲಿ ಹುಟ್ಟಿದರೂ ಪ್ರಶ್ನೆಯೇ. ನಿಮ್ಮಲ್ಲಿ ಕೆಲವರಾದರೂ ಪರೇಲಿನಲ್ಲಿಯೋ ಬೈಕಳಾದಲ್ಲಿಯೋ ಆ ಪ್ರಯೋಗಶಾಲೆಗಳ ಮೇಜಿನ ಮುಂದೆ ನಿಲ್ಲುವಂತಾಗಲಿ, ಅಲ್ಲಿ ಕಲಿತುದನ್ನು ಕನ್ನಡದಲ್ಲಿ ಬರೆದು ಇದೇ ಸಂಚಿಕೆಯ ಮುಂದಿನ ಪುಟಗಳಿಗೆ ಕಳುಹಿಸುವಂತಾಗಲಿ ಎಂದು ಹಾರೈಸುತ್ತೇನೆ.